ನೇರ ಸೆಮಿಫೈನಲ್

ಅಣ್ಣ ತೀರಿಕೊಂಡು ತಿಂಗಳಾದ ದಿನ ಮನೆಯಲ್ಲಿ ಎಡೆಗೆಂದು ಹೋಳಿಗೆ ಮಾಡಿದ್ದರು. ಊಟಕ್ಕೆ ಕುಳಿತಾಗ ಮುಧೋಳದ ಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯಾವಳಿ ನೆನಪಾಯಿತು.

ಆಗ ಅಣ್ಣ ಜಮಖಂಡಿ ತಂಡದ ನಾಯಕ. ಅದು ಕಾಲೇಜಿನಲ್ಲಿ ಅವನ ಕೊನೆಯ ವರ್ಷ. ಕಪ್ ತರುತ್ತೇನೆಂದು ಅವ್ವನಿಗೆ ಹೇಳಿ ಹೊರಟಿದ್ದ; ಆಟ ನೋಡಲು ನಾನೂ ಜೊತೆಗೆ ಹೋಗಿದ್ದೆ. ಹಿಂದಿನ ವರ್ಷ ಗೆದ್ದಿದ್ದರಿಂದ ಅವರಿಗೆ ಮೊದಲ ಸೀಡ್ ಸಿಕ್ಕಿತ್ತು. ಒಂದೂ ಪಂದ್ಯ ಆಡದೆ ನೇರ ಸೆಮಿಫೈನಲ್. ಎದುರಾಳಿ ಬನಹಟ್ಟಿಯವರು ಬೆಳಗಿನಿಂದ ಎರಡು ಪಂದ್ಯ ಗೆದ್ದು ಬಂದಿದ್ದರು. ಅಷ್ಟು ಹೊತ್ತೂ ಮುಧೋಳದವರು ನಮ್ಮವರನ್ನು ಬೀಗರಂತೆ ಪೆಂಡಾಲಿನಲ್ಲಿ ಕೂರಿಸಿ ಹೋಳಿಗೆ ಬಡಿಸಿದ್ದರು.

"ಚಾಂಪಿಯನ್ ಅದೀರಿ, ಇನ್ನೊಂದು ಹಾಕ್ಕೋರಿ!" ಎಂದು ಬಡಿಸುವವರು ತುಪ್ಪ ಸುರಿದರು. ಅಣ್ಣ ಬೇಡವೆನ್ನಲಿಲ್ಲ.

"ಅವರು ದಣದಾರ, ನೀವ ಗೆಲ್ತೀರಿ," ಎಂದು ನಾನು ಹೇಳಿದೆ.

"ಆಡಿ ಆಡಿ ಅವರ ಕೈ ಕುದುರ್ಯಾವ ಲೇ. ನಮಗ ಏಳಾಕ ಆಗವಲ್ದು," ಎಂದ.

ಕೊನೆಯ ನಿಮಿಷದಲ್ಲಿ ನಮ್ಮವರು ಒಂದೇ ಅಂಕ ಹಿಂದಿದ್ದರು. ಚೆಂಡು ಅಣ್ಣನ ಕೈಗೆ ಬಂತು. ಜಿಗಿದ, ಆದರೆ ಎಂದಿನಷ್ಟು ಮೇಲೇಳಲಿಲ್ಲ. ಚೆಂಡು ರಿಂಗಿಗೆ ಬಡಿದು ಹೊರಗೆ ಬಿದ್ದಿತು. ಪಂದ್ಯ ಮುಗಿದ ಸೀಟಿ ಕೇಳಿಸಿತು.

ಮನೆಗೆ ಬಂದು ಅವ್ವನಿಗೆ ಇಷ್ಟೇ ಹೇಳಿದ: "ಅಷ್ಟು ಪ್ರೀತಿಲೆ ಬಡಸಾಕತ್ತಿದ್ರು, ಬ್ಯಾಡ ಅನ್ನಾಕ ನಾಚಿಕಿ ಆತಬೇ."

ಈಗ ನನ್ನ ಎಲೆಗೆ ಎರಡನೆಯ ಹೋಳಿಗೆ ಬಂತು. ಕೈ ಅಡ್ಡ ಹಿಡಿದು ಬೇಡ ಎಂದೆ.