ಸ್ತಾಮೆಂಕಾ ಒಡೆದ ಸೀಲು

ನನ್ನ ಓರಗಿತ್ತಿ ಸ್ತಾಮೆಂಕಾಳಿಗೆ ತಲೆ ಕೆಟ್ಟಿದೆ ಎನ್ನುವವರು ನಮ್ಮ ವಾಲ್ಯೆವೊ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನನ್ನೆದುರು ಹೇಳುವ ಧೈರ್ಯ ಮಾತ್ರ ಯಾರಿಗೂ ಇಲ್ಲ. ಹೇಳಿ ನೋಡಲಿ! ಒಂದೇ ಅಂಗಳದ ಎರಡು ಮನೆಗಳಿಗೆ ಸೊಸೆಯರಾಗಿ ಬಂದವರು ನಾವು. ಅವಳು ಅಣ್ಣ ಒಬ್ರಾದ್‌ನ ಹೆಂಡತಿ, ನಾನು ತಮ್ಮ ಸ್ರೇತೆನ್‌ನ ಹೆಂಡತಿ. ಅವಳ ಹುಚ್ಚು ಎಂಥದ್ದು ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಸೀಲ್ ಹಾಕಿದ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲಿ ಕಂಡರೂ ಅವಳು ಒಡೆದು ನೋಡುತ್ತಾಳೆ. ಅಷ್ಟೇ.

ನಮ್ಮಲ್ಲಿ ಕಾರಿದ್ದವರೆಲ್ಲ ಆ ಪೆಟ್ಟಿಗೆ ಇಟ್ಟುಕೊಳ್ಳಲೇಬೇಕು. ವರ್ಷಕ್ಕೊಮ್ಮೆ ಗಾಡಿಯ ತಪಾಸಣೆ ನಡೆಯುವಾಗ ಅದನ್ನು ತೋರಿಸಬೇಕು. ಪ್ಲಾಸ್ಟಿಕ್ ಹರಿದಿರಬಾರದು, ಸೀಲು ಗಟ್ಟಿಯಾಗಿರಬೇಕು ಎಂದು ಎಲ್ಲರೂ ನಂಬಿದ್ದಾರೆ. ಹಾಗಾಗಿ ನಮ್ಮ ಜನ ಏನು ಮಾಡುತ್ತಾರೆ? ಡಿಕ್ಕಿಯ ಮೂಲೆಯಲ್ಲಿ ಅದನ್ನು ದೇವರ ಪಟದಷ್ಟು ಜೋಪಾನ ಮಾಡುತ್ತಾರೆ. ಗಾಯವಾದರೆ ಪ್ಲಮ್ ಹಣ್ಣಿನ ಸಾರಾಯಿ, ರಾಕಿಯಾ, ಸುರಿಯುತ್ತಾರೆ, ಮಿಕ್ಕಿದ್ದನ್ನು ಕುಡಿಯುತ್ತಾರೆ. ಒಳಗಿನ ಬ್ಯಾಂಡೇಜು ಹಳದಿಯಾಗಿ, ಕೊನೆಗೆ ತಾರೀಕು ಮುಗಿದು, ಪೆಟ್ಟಿಗೆ ಸೀಲಿನ ಸಮೇತ ಕಸಕ್ಕೆ ಹೋಗುತ್ತದೆ.

ಕೆಲವು ವರ್ಷಗಳ ಹಿಂದೆ ಒಬ್ರಾದ್ ಕಾಡಿನಲ್ಲಿ ಸೌದೆ ಕೊಯ್ಯುವಾಗ ಯಂತ್ರದ ಗರಗಸ ಜಾರಿ ತೊಡೆಗೆ ಬಿತ್ತು. ಜೊತೆಗಿದ್ದವನು ನನ್ನ ಗಂಡ. ಕಾರಿನಿಂದ ಪೆಟ್ಟಿಗೆ ತಂದ, ಪ್ಲಾಸ್ಟಿಕ್‌ಗೆ ಉಗುರು ಹಾಕಿದ. ಒಬ್ರಾದನೇ ಗದರಿದನಂತೆ: "ಏಯ್, ಒಡೀಬೇಡ್ವೋ! ಸೋಮವಾರ ತಪಾಸಣೆ ಇದೆ. ಇದೇನು ಮಹಾ, ತರಚಿದ್ದು. ರಾಕಿಯಾ ಹುಯ್ಯಿ, ಸಾಕು." ಅಣ್ಣನ ಮಾತು ಮೀರಿದವನಲ್ಲ ನನ್ನ ಸ್ರೇತೆನ್. ಪೆಟ್ಟಿಗೆ ಕೆಳಗಿಟ್ಟ, ರಾಕಿಯಾ ಸುರಿದ, ಕರವಸ್ತ್ರ ಸುತ್ತಿದ. ಆಸ್ಪತ್ರೆ ತಲುಪುವಷ್ಟರಲ್ಲಿ ಕಾರಿನ ಸೀಟೆಲ್ಲ ರಕ್ತ. ಒಬ್ರಾದ್ ಮತ್ತೆ ಕಣ್ಣು ಬಿಡಲಿಲ್ಲ. "ದಪ್ಪ ಪಟ್ಟಿ ಇಟ್ಟು ಬಿಗಿಯಾಗಿ ಒತ್ತಿ ಹಿಡಿದಿದ್ರೆ..." ಎಂದ ಡಾಕ್ಟರು ಸ್ತಾಮೆಂಕಾಳ ಮುಖ ನೋಡಿ ಮಾತು ನುಂಗಿದರು. ಮುಂದೆ ಕಾರು ತಪಾಸಣೆಯಲ್ಲಿ ಪಾಸಾಯಿತು. ಸೀಲು ಒಡೆದಿರಲಿಲ್ಲವಲ್ಲ!

ಇದಾದ ಮೇಲೆ ಸ್ತಾಮೆಂಕಾ ಶೋಕದ ಕಪ್ಪು ಬಟ್ಟೆ ಉಟ್ಟು ಮೂಲೆ ಹಿಡಿಯುತ್ತಾಳೆ ಎಂದುಕೊಂಡಿತು ಊರು. ಕಪ್ಪು ಉಟ್ಟಳು ನಿಜ. ಆದರೆ ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತಳಾದದ್ದೇ ತಡ, ರೆಡ್ ಕ್ರಾಸಿನವರ ತರಬೇತಿಗೆ ಹೋದಳು, ಚಾರಣ ಸಂಘ ಸೇರಿದಳು, ಭಾನುವಾರದ ಚಾರಣಗಳಿಗೆ ಮುಂದಾಳಾದಳು. ಸತ್ತ ಗಂಡನ ಮೇಲೂ ಅವಳಿಗೆ ಸಿಟ್ಟು. ಸಮಾಧಿಗೆ ಮೇಣದಬತ್ತಿ ಹಚ್ಚುವಾಗಲೂ ಬೈಯುತ್ತಾಳೆ: "ಪಾಸಾಯ್ತು ನಿನ್ನ ಕಾರು, ಖುಷಿನಾ?" ಸ್ರೇತೆನ್‌ಗೆ ಮಾತ್ರ ಅವಳು ಇಷ್ಟು ವರ್ಷ ಒಂದು ಮಾತೂ ಅಂದಿಲ್ಲ. ಅದೇ ಅವನನ್ನು ಒಳಗೊಳಗೇ ಕೊಲ್ಲುತ್ತಿತ್ತು. ಅಂಗಳದಲ್ಲಿ ಅವಳು ಎದುರಾದರೆ ತಲೆ ತಗ್ಗಿಸಿ ಹೋಗುತ್ತಿದ್ದ.

ಈ ವಸಂತದಲ್ಲಿ ಜಗಳ ಶುರುವಾಯಿತು. ಸಂಘದ ಅಧ್ಯಕ್ಷ ತಿಹೋಮಿರ್ ಚಾರಣಕ್ಕೆ ಒಯ್ಯುವ ಹೊಸ ಪೆಟ್ಟಿಗೆ ಆರಿಸುವ ಕೆಲಸವನ್ನು ಸ್ತಾಮೆಂಕಾಳಿಗೇ ವಹಿಸಿದ. ಜೊತೆಗೆ ಒಂದು ಷರತ್ತು ಹಾಕಿದ.

"ಗುರುವಾರದ ಸಭೆಗೆ ಸೀಲ್ ಇರೋ ಪೆಟ್ಟಿಗೆ ತರಬೇಕು, ಸ್ತಾಮೆಂಕಾ. ನೀನು ಒಡೆದು ತಂದ್ಯೋ, ಮುಂದಾಳಿನ ಬ್ಯಾಡ್ಜು ಮೇಜಿನ ಮೇಲಿಟ್ಟು ಹೋಗಬೇಕು. ಸೀಲ್ ಇದ್ರೆ ನಾಳೆ ಏನಾದ್ರೂ ಆದ್ರೆ ಯಾರೂ ನಮ್ಮನ್ನ ಕೇಳಲ್ಲ."

"ಸತ್ತೋನು ಹೇಗೂ ಕೇಳಲ್ಲ ಬಿಡಿ, ಅಧ್ಯಕ್ಷರೇ," ಎಂದಳು ಅವಳು.

ಆ ಬ್ಯಾಡ್ಜು ಅವಳಿಗೆ ಏನೆಂದು ತಿಹೋಮಿರ್‌ಗೆ ಏನು ಗೊತ್ತು! ಭಾನುವಾರ ಅಷ್ಟು ಜನರನ್ನು ಪೊವ್ಲೆನ್ ಬೆಟ್ಟ ಹತ್ತಿಸಿ, ಹೋದವರನ್ನೆಲ್ಲ ಹೋದ ಹಾಗೇ ಇಳಿಸಿಕೊಂಡು ಬಂದ ರಾತ್ರಿ ಮಾತ್ರ ಅವಳಿಗೆ ನಿದ್ದೆ ಹತ್ತುತ್ತಿತ್ತು. ಅದನ್ನು ಕಿತ್ತುಕೊಳ್ಳುವ ಮಾತಾಡಿದನಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. "ಅಕ್ಕಾ, ಈ ಒಂದ್ಸಲ ಸೀಲ್ ಇರೋದನ್ನೇ ತಗೊಂಡು ಹೋಗು. ಆಮೇಲೆ ಬೆಟ್ಟದ ಮೇಲೆ ಒಡೆದ್ರಾಯ್ತು," ಎಂದೆ.

"ಬೆಟ್ಟದ ಮೇಲೆ ಒಡೆದಾಗ ಒಳಗೆ ಕತ್ತರೀನೇ ಇಲ್ಲದಿದ್ರೆ? ನಿನ್ನ ಹಲ್ಲಲ್ಲಿ ಹರೀತೀಯಾ, ಯಾಗೊಡಾ? ನಡಿ ನನ್ ಜೊತೆ."

ಔಷಧಿ ಅಂಗಡಿಯ ಲ್ಯುಬಿಂಕಾ ನಮ್ಮಿಬ್ಬರಿಗೂ ಹಳೆಯ ಸ್ನೇಹಿತೆ. ಮೊದಲು ಕೆಂಪಗೆ ಹೊಳೆಯುವ ದೊಡ್ಡ ಚೀಲವೊಂದನ್ನು ಇಳಿಸಿದಳು. ಸ್ತಾಮೆಂಕಾ ಅದನ್ನು ನನ್ನ ಬೆನ್ನಿಗೆ ಹೇರಿ ಅಂಗಡಿಯೊಳಗೇ ಓಡಾಡಿಸಿದಳು. "ಭಾರ ಅಲ್ವಾ? ಭಾರ ಇದ್ರೆ ಎರಡನೇ ಭಾನುವಾರ ಮನೇಲಿ ಬಿಟ್ಟು ಬರ್ತಾರೆ. ಬೇಡ." ಇನ್ನೊಂದರ ಜಿಪ್ಪನ್ನು ಉಣ್ಣೆಯ ಕೈಗವಸು ತೊಟ್ಟು ಒಂದೇ ಕೈಯಲ್ಲಿ ಎಳೆದು ನೋಡಿದಳು, ಸಿಕ್ಕಿಕೊಂಡಿತು, ತಳ್ಳಿದಳು. ಮೂರನೆಯದರ ಕತ್ತರಿಯಿಂದ ತನ್ನ ಸ್ಕರ್ಟಿನ ಅಂಚನ್ನೇ ಕತ್ತರಿಸಲು ಹೋದಳು, ಬಟ್ಟೆ ಮಡಚಿಕೊಂಡಿತೇ ಹೊರತು ಹರಿಯಲಿಲ್ಲ.

"ಥೂ! ಇದರಲ್ಲಿ ಗೊಂಬೆ ಕೂದಲೂ ಕತ್ತರಿಸೋಕಾಗಲ್ಲ."

"ನಿನಗೆ ಅಂತಾನೇ ಕಂಪನಿಯವರು ಬೇರೆ ಮಾಡಿ ಕಳಿಸಬೇಕು, ಮಾರಾಯ್ತಿ," ಎಂದು ಲ್ಯುಬಿಂಕಾ ನಕ್ಕಳು. ನಕ್ಕರೂ ಬಿಡದೆ ಕೂತು ಒಂದೊಂದನ್ನೇ ಹುಡುಕಿ ಕೊಟ್ಟಳು. ಹಗುರವಾದ ಕಿತ್ತಳೆ ಬಣ್ಣದ ಚೀಲ, ಮಂಜಿನಲ್ಲಿ ಕೆಳಗೆ ಬಿದ್ದರೂ ಕಣ್ಣಿಗೆ ಬೀಳಬೇಕು. ರಕ್ತ ಒತ್ತಿ ಹಿಡಿಯುವ ದಪ್ಪ ಪಟ್ಟಿಗಳು ಎಲ್ಲಕ್ಕಿಂತ ಮೇಲೆ, ಕೈ ಹಾಕಿದೊಡನೆ ಸಿಗುವ ಹಾಗೆ. ಉಳುಕಿದ ಕಾಲಿಗೆ ಹಿಗ್ಗುವ ಬ್ಯಾಂಡೇಜು, ಕೈ ತೂಗುಹಾಕಲು ಮೂರು ಮೂಲೆಯ ಬಟ್ಟೆ, ಬೂಟು ಕಚ್ಚಿ ಎದ್ದ ಬೊಬ್ಬೆಗೆ ಪ್ಲಾಸ್ಟರು, ಉಣ್ಣಿ ಕೀಳುವ ಚಿಮಟ, ರಬ್ಬರ್ ಕೈಗವಸು, ಗಾಯ ತೊಳೆಯುವ ಉಪ್ಪುನೀರು, ಚಳಿಗೆ ಹೊದೆಯುವ ಬೆಳ್ಳಿ ಬಣ್ಣದ ಹಾಳೆ, ಜೀನ್ಸ್ ಕತ್ತರಿಸುವ ಕತ್ತರಿ.

"ರಾಕಿಯಾ?" ಎಂದೆ ನಾನು, ಕೆಣಕಲು.

"ಅದು ಕೆಳಗಿಳಿದ ಮೇಲೆ, ಹೊಟ್ಟೆಗೆ," ಎಂದಳು.

ದಿನದ ಬಳಕೆಗೆ ಬೇರೆಯದೇ ಒಂದು ಸಣ್ಣ ಪೊಟ್ಟಣ ಕಟ್ಟಿಸಿ ನನ್ನ ಕೈಚೀಲಕ್ಕೆ ತುರುಕಿದಳು. ಅಡುಗೆಮನೆಯಲ್ಲಿ ಕೈ ಕುಯ್ದುಕೊಂಡವಳು ಬೆಟ್ಟದ ಚೀಲಕ್ಕೆ ಕೈ ಹಾಕಿ ಖಾಲಿ ಮಾಡಬಾರದಂತೆ. ನನ್ನನ್ನು ಕಂಡೇ ಹೇಳಿದ ಮಾತು ಅದು.

ಗುರುವಾರ ಸಂಘದ ಕೋಣೆ ತುಂಬಿತ್ತು. ಸ್ರೇತೆನ್ ಬಾಗಿಲ ಬಳಿ ಗೋಡೆಗೊರಗಿ ನಿಂತಿದ್ದ. ತಿಹೋಮಿರ್ ಮೊದಲು ಕಿಟಕಿ ಮುಚ್ಚಿಸಿದ, ಬೆನ್ನಿಗೆ ಗಾಳಿ ಬಡಿದರೆ ಸತ್ತೇಹೋಗುತ್ತೇನೆ ಎಂದು ನಂಬಿದವನು ಪುಣ್ಯಾತ್ಮ. ಸ್ತಾಮೆಂಕಾ ಕಿತ್ತಳೆ ಚೀಲವನ್ನು ಮೇಜಿನ ಮೇಲೆ ತಲೆಕೆಳಗು ಮಾಡಿ ಸುರಿದಳು.

"ಸೀಲ್ ಎಲ್ಲಿ?" ಎಂದ ತಿಹೋಮಿರ್.

"ಇಲ್ಲ. ಇರೋದೂ ಇಲ್ಲ. ಭಾನುವಾರ ಬೆಟ್ಟಕ್ಕೆ ಬರೋರೆಲ್ಲ ಇವತ್ತೇ ಒಂದೊಂದನ್ನೂ ಮುಟ್ಟಿ ನೋಡಬೇಕು. ಯಾವುದು ಎಲ್ಲಿದೆ ಗೊತ್ತಿರಬೇಕು. ಚೀಲ ಹೊರೋದು ಸಾಲಿನ ಕೊನೆಯವರು, ಯಾಕಂದ್ರೆ ಬಿದ್ದೋರು ಹಿಂದೇನೇ ಉಳೀತಾರೆ."

"ಇದು ಸಂಘದ ಸ್ವತ್ತು, ನಿನ್ನ ಅಡುಗೆಮನೆ ಅಲ್ಲ! ನಾಳೆ ಒಂದು ಕಡಿಮೆ ಬಿದ್ರೆ ಜವಾಬ್ದಾರಿ ಯಾರದು?"

"ನಂದು."

"ಹಾಗಾದ್ರೆ ಬ್ಯಾಡ್ಜು ಇಡು."

ಅವಳು ಕೋಟಿನಿಂದ ಬ್ಯಾಡ್ಜು ಬಿಚ್ಚಿ ಮೇಜಿನ ಮೇಲೆ ಟಪ್ಪೆಂದು ಇಟ್ಟಳು. "ತಗೊಳ್ಳಿ. ಭಾನುವಾರ ಬ್ಯಾಡ್ಜಿಲ್ಲದೆ ಹತ್ತುತೀನಿ. ಬೆಟ್ಟ ನಿಮ್ಮಪ್ಪಂದಲ್ಲ. ಆದ್ರೆ ಸೀಲ್ ಮುಂದೆ ನಾನು ಕೈಕಟ್ಟಿ ನಿಲ್ಲಲ್ಲ, ಸತ್ರೂ ನಿಲ್ಲಲ್ಲ." ಅವಳ ತಲೆ ಬಾಗಲಿಲ್ಲ. ನನಗೆ ಅಳು ಬಂತು, ಹೆಮ್ಮೆಯೂ ಆಯಿತು.

ಆಗ ಬಾಗಿಲು ಧಡ್ಡೆಂದು ಮುಚ್ಚಿದ ಸದ್ದಾಯಿತು. ನೋಡಿದರೆ ಸ್ರೇತೆನ್ ಇಲ್ಲ. ಓಡಿಹೋದನಲ್ಲ ಹೇಡಿ, ಮನೆಗೆ ಬರಲಿ ಎಂದು ಹಲ್ಲು ಕಚ್ಚಿದೆ. ಅಷ್ಟರಲ್ಲಿ ಅವನು ಕಾರಿನ ಪೆಟ್ಟಿಗೆ ಹಿಡಿದು ಒಳಗೆ ಬಂದ. ಹೊಸ ಪೆಟ್ಟಿಗೆ, ಹೊಳೆಯುವ ಪ್ಲಾಸ್ಟಿಕ್, ಗಟ್ಟಿ ಸೀಲು. ಮುಂದಿನ ವಾರ ಅವನ ಕಾರಿನ ತಪಾಸಣೆ ಇತ್ತು.

ಎಲ್ಲರೆದುರು ಪ್ಲಾಸ್ಟಿಕ್‌ಗೆ ಉಗುರು ಹಾಕಿದ. ಉಗುರು ಎರಡು ಸಲ ಜಾರಿತು. ಸ್ತಾಮೆಂಕಾ ಸಹಾಯಕ್ಕೆ ಕೈ ಚಾಚಲಿಲ್ಲ. ಕೊನೆಗೆ ಅವನು ಹಲ್ಲಿನಿಂದ ಕಚ್ಚಿ ಪರ್ರನೆ ಹರಿದ.

"ಅತ್ತಿಗೆ," ಎಂದ. ಇಷ್ಟು ವರ್ಷಗಳಲ್ಲಿ ಅವಳ ಮುಖ ನೋಡಿ ಕರೆದದ್ದು ಅದೇ ಮೊದಲು. "ಹೇಗೆ ಕಟ್ಟೋದು ಅಂತ ತೋರಿಸು."

ಅವಳು ಕುರ್ಚಿ ಎಳೆದು ಕೂತಳು. ಮೇಜಿನ ಮೇಲಿದ್ದ ದಪ್ಪ ಪಟ್ಟಿಯೊಂದನ್ನು ಅವನ ಕೈಗಿತ್ತು, ಕಪ್ಪು ಸ್ಕರ್ಟಿನ ಮೇಲೆಯೇ ತೊಡೆಯ ಆ ಜಾಗ ತೋರಿಸಿದಳು. ಸ್ರೇತೆನ್ ನೆಲಕ್ಕೆ ಮಂಡಿಯೂರಿ ಪಟ್ಟಿ ಇಟ್ಟ, ಸುತ್ತತೊಡಗಿದ. ತಿಹೋಮಿರ್ ಬ್ಯಾಡ್ಜನ್ನು ಬೆರಳಿನಿಂದ ಮೆಲ್ಲಗೆ ಅವಳ ಕಡೆಗೆ ತಳ್ಳಿದ. ಅವಳು ಅತ್ತ ನೋಡಲೂ ಇಲ್ಲ.

"ಬಿಗಿಯಾಗಿ," ಎಂದಳು.

"ನೋಯುತ್ತೆ, ಅತ್ತಿಗೆ."

"ನೋಯಲಿ. ಇನ್ನೂ ಬಿಗಿ. ನಾನು ಬೇಡ ಅಂದ್ರೂ ಬಿಡಬಾರ್ದು, ತಿಳೀತಾ? ಎಷ್ಟೇ ಬೈದ್ರೂ ಬಿಡಬಾರ್ದು."

ಅವನು ಅಳುತ್ತಲೇ ಎಳೆದು ಗಂಟು ಹಾಕಿದ, ಎರಡೂ ಅಂಗೈಯಿಂದ ಒತ್ತಿ ಹಿಡಿದ. ಬಹಳ ಹೊತ್ತಿನ ಮೇಲೆ ಅವಳು ಅವನ ಕೈಮೇಲೆ ಕೈಯಿಟ್ಟಳು.

"ಸಾಕು ಮೈದುನಾ, ಬಿಡು. ರಕ್ತ ನಿಂತಿತು."