ಬುಧವಾರದ ರಾತ್ರಿ ಯಾವತ್ತು?

ಜಾವಾದಲ್ಲಿ ಹೊತ್ತು ಮುಳುಗಿದರೆ ಮರುದಿನ ಶುರು. ಬುಧವಾರದ ರಾತ್ರಿ ಅಂದರೆ ಮಂಗಳವಾರ ಕತ್ತಲಾಗುವ ಹೊತ್ತು. ಇದನ್ನು ನಮ್ಮಲ್ಲಿ ಕೂಸಿಗೂ ಹೇಳಿಕೊಡಬೇಕಿಲ್ಲ. ಡಚ್ಚರ ತಲೆಗೆ ಮಾತ್ರ ಕೊನೆಯವರೆಗೂ ಇಳಿಯಲಿಲ್ಲ.

೧೯೪೯ರ ಮೊದಲ ತಿಂಗಳುಗಳು. ಯೋಗ್ಯಕರ್ತಾ ಡಚ್ಚರ ಕೈಗೆ ಬಿದ್ದು ನಮ್ಮ ಸೇನೆ ಮೆನೋರೆ ಗುಡ್ಡ ಹತ್ತಿತ್ತು. ಅಲ್ಲಿನ ಒಂದು ಅಡುಗೆಮನೆಯಲ್ಲಿ ವುರ್ಯಾನಿಯ ಕಚೇರಿ. ಮೊದಲು ತಂತಿ ಕಚೇರಿಯಲ್ಲಿದ್ದವಳು. ಈಗ ರೇಡಿಯೋ ಕಿವಿಗೆ ಸಿಕ್ಕಿಸಿಕೊಂಡು ಡಚ್ಚರ ಗುಪ್ತಲಿಪಿಯನ್ನು ಸಿಗರೇಟು ಪೊಟ್ಟಣದ ಬೆನ್ನಿನ ಮೇಲೆ ಬಿಡಿಸುತ್ತಿದ್ದಳು.

"ಒಲೆ ಮುಂದೆ ಕೂತು ಒಂದಿನಾನೂ ಅನ್ನ ಬೇಯಿಸಲಿಲ್ಲ. ನಿನ್ನ ಕಟ್ಕೊಳ್ಳೋನು ಅಂಕಿ ತಿಂದ್ಕೊಂಡೇ ಬದುಕ್ಬೇಕು ಕಣೇ!" ಎಂದು ಮನೆಯೊಡತಿ ರಾಸಿ ಚುಡಾಯಿಸುತ್ತಿದ್ದಳು.

ಒಂದು ಮಂಗಳವಾರ ಮಧ್ಯಾಹ್ನ ಬಿಡಿಸಿದ ಸಂದೇಶ ನೋಡಿ ವುರ್ಯಾನಿಯ ಪೆನ್ಸಿಲ್ ನಿಂತಿತು. ನಮ್ಮವರಲ್ಲೇ ಯಾವನೋ ಡಚ್ಚರಿಗೆ ಸುದ್ದಿ ಕೊಟ್ಟಿದ್ದ: ಬುಧವಾರದ ರಾತ್ರಿ ಹದಿನಾಲ್ಕು ಜನ ಪ್ರೋಗೋ ನದಿ ದಾಟುತ್ತಾರೆ. ಆ ಹದಿನಾಲ್ವರಲ್ಲಿ ಅವಳಣ್ಣ ಗುನಾದಿ ಒಬ್ಬ. ದಾಟುವುದು ಅವತ್ತೇ ಕತ್ತಲಿಗೆ. ಡಚ್ ಅಧಿಕಾರಿ ತನ್ನ ಕ್ಯಾಲೆಂಡರ್ ನೋಡಿ ಕೆಳಗೆ ಆದೇಶ ಸೇರಿಸಿದ್ದ: ನಾಳೆ ಸಂಜೆ ದಡ ಕಾಯಿರಿ.

ಅವಳು ಕ್ಯಾಪ್ಟನ್ ಜಟ್ಮಿಕೋ ಹತ್ತಿರ ಓಡಿದಳು.

"ಸಾಹೇಬ್ರೇ, ಸುದ್ದಿ ಕೊಟ್ಟೋನು ಯಾರೋ ಗೊತ್ತಿಲ್ಲ. ಆದ್ರೆ ಬಿಳಿಯರು ನಾಳೆ ಅಂದ್ಕೊಂಡಿದ್ದಾರೆ! ಇವತ್ತು ದಡ ಖಾಲಿ!"

ಕ್ಯಾಪ್ಟನ್ ಬಿದ್ದು ಬಿದ್ದು ನಕ್ಕ. "ಮುನ್ನೂರು ವರ್ಷ ನಮ್ಮ ಅನ್ನ ತಿಂದ್ರೂ ವಾರ ಎಣಿಸೋಕೆ ಬರಲ್ಲ ನೋಡು ಮುಂಡೇವಕ್ಕೆ! ಶಭಾಷ್ ತಂಗಿ. ನಿನಗೆ, ನನಗೆ ಬಿಟ್ಟು ಮೂರನೇ ಕಿವಿಗೆ ಬೀಳಬಾರದು."

"ನಮ್ಮಣ್ಣಂಗೂ?"

"ಅವನಿಗೂ. ಗಾಬರಿಬಿದ್ದು ಕಾಲು ಜಾರಿದ್ರೆ?"

ಅವಳು ಬಾಯಿ ಹೊಲಿದುಕೊಂಡಳು. ಕ್ಯಾಪ್ಟನ್ ಸೈಕಲ್ ಹತ್ತಿ ಕೆಳಗಿನ ಸಂತೆಗೆ ಹೋದ.

ನಾಲ್ಕೂವರೆಗೆ ರೇಡಿಯೋ ಮತ್ತೆ ಕಟಕಟ ಅಂದಿತು. ಅದೇ ಲಿಪಿ. ಬಿಡಿಸಿದಳು: ನಮ್ಮ ಗೂಢಚಾರ ದಿನ ತಿದ್ದಿದ್ದಾನೆ. ಬುಧವಾರದ ರಾತ್ರಿ ಎಂದರೆ ಇಂದು. ಈಗಲೇ ಹೊರಡಿ.

ಡಚ್ಚರು ದಿನ ತಪ್ಪಿದ್ದಾರೆಂದು ಈ ಗುಡ್ಡದಲ್ಲಿ ಗೊತ್ತಿದ್ದದ್ದು ಇಬ್ಬರಿಗೇ. ಒಬ್ಬಳು ಅವಳು. ಇನ್ನೊಬ್ಬನಿಗೆ ಬಾಯಾರೆ ಹೇಳಿದವಳೂ ಅವಳೇ.

ನದಿಗೆ ಎರಡು ಗಂಟೆ ದಾರಿ. ಬಿದ್ದು ಎದ್ದು ಓಡಿದಳು. ಇನ್ನೂ ಗುಡ್ಡದ ಇಳಿಜಾರಿನಲ್ಲಿದ್ದಾಗಲೇ ಬಂದೂಕಿನ ಸದ್ದು ಕೇಳಿತು. ಒಬ್ಬನೂ ಉಳಿಯಲಿಲ್ಲ.

ವಾಪಸು ಬಂದು ನೋಡಿದರೆ ಆ ಸಿಗರೇಟು ಪೊಟ್ಟಣಗಳು ಒಲೆಯಲ್ಲಿ ಬೂದಿಯಾಗಿದ್ದವು. "ಕ್ಯಾಪ್ಟನ್ನೇ ಹಾಕಿದ್ರು. ಡಚ್ಚರು ಬಂದ್ರೆ ಕಷ್ಟ ಅಂದ್ರು," ಎಂದಳು ರಾಸಿ.

ಸ್ವಾತಂತ್ರ್ಯ ಬಂತು. ಜಟ್ಮಿಕೋ ಜಿಲ್ಲೆಗೇ ದೊಡ್ಡ ಮನುಷ್ಯನಾದ. ದಡದಲ್ಲಿ ಹದಿನಾಲ್ಕು ಹೆಸರಿನ ಕಲ್ಲು ನೆಡಿಸಿ, ಕಣ್ಣೊರೆಸಿಕೊಂಡು ಭಾಷಣ ಬಿಗಿದ: "ನಮ್ಮ ಹುಡುಗಿಯೊಬ್ಬಳು ದಿನ ತಪ್ಪಾಗಿ ಓದಿದಳು. ಎಳೆಯ ಜೀವ, ಕ್ಷಮಿಸಿಬಿಡೋಣ." ವುರ್ಯಾನಿ ಎದ್ದು ನಿಂತು ನಿಜ ಹೇಳಿದಳು. ಅಣ್ಣ ಸತ್ತು ತಲೆ ಕೆಟ್ಟಿದೆ ಎಂದು ಕೈ ಹಿಡಿದು ಕೂರಿಸಿದರು. ಅವಳ ಅವ್ವ ಸಾಯುವವರೆಗೂ ಮಗಳು ಬಡಿಸಿದ ಅನ್ನ ಮುಟ್ಟಲಿಲ್ಲ.

ಊರೆಲ್ಲ ಅವಳನ್ನು ಕ್ಷಮಿಸಿತು. ಎಂಥ ದೊಡ್ಡ ಮನಸ್ಸು! ಆವತ್ತು ಚಪ್ಪಾಳೆ ತಟ್ಟಿದವರಲ್ಲಿ ನೀವಿದ್ದಿರಿ, ಇಲ್ಲವೇ ನಿಮ್ಮಪ್ಪ ಇದ್ದ. ಅವಳಿನ್ನೂ ಬದುಕಿದ್ದಾಳೆ. ಎದ್ದು ಹೋಗಿ. ಬಾಗಿಲು ತಟ್ಟಿ. ಕ್ಷಮೆಯನ್ನು ನೀವು ಕೇಳಿ.