ಕೆಂಪು ಪೆನ್ನು ಮತ್ತು ಸಾರಿನ ಪುಡಿ

ನಮ್ಮ ಅಡುಗೆಮನೆಯ ಪ್ರತಿ ಡಬ್ಬಿಯ ಮೇಲೂ ಕೆಂಪು ಪೆನ್ನಿನ ಗುರುತಿದೆ. ಹಾಕಿದವನು ನಾನೇ. ರಾಯಚೂರಿನಲ್ಲಿ ಹೆಡ್‌ಮಾಸ್ತರಿಕೆ ಮುಗಿಸಿ ಹತ್ತು ವರ್ಷವಾದರೂ ಕೈ ತಿದ್ದುವುದನ್ನು ಬಿಟ್ಟಿಲ್ಲ. ಅಂಗಡಿಯಿಂದ ಬಂದ ಪೊಟ್ಟಣದ ಸಣ್ಣ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದುತ್ತೇನೆ. ರುಚಿ ಹೆಚ್ಚಿಸಲು ಬೆರೆಸುವ ಟೇಸ್ಟಿಂಗ್ ಪೌಡರ್ ಇದ್ದರೆ ಫೇಲು, ಇಲ್ಲದಿದ್ದರೆ ಪಾಸು.

ಟೈಫಾಯ್ಡ್ ಬಿಟ್ಟ ಮೇಲೆ ನನ್ನ ಹೆಂಡತಿ ಶಾಂತಮ್ಮನಿಗೆ ಊಟವೇ ಬೇಡವಾಯಿತು. ಮೂರು ವಾರದಲ್ಲಿ ಬಳೆಗಳು ಮೊಳಕೈವರೆಗೆ ಜಾರತೊಡಗಿದವು. ಕೊನೆಗೆ, ನಾನು ಪಾಸು ಮಾಡಿದ ಒಂದು ಸಾರಿನ ಪುಡಿಯ ದೆಸೆಯಿಂದ ಎರಡು ದಿನ ಅನ್ನ ಒಳಗೆ ಹೋಯಿತು. ಅದರಲ್ಲಿ ‘ಈಸ್ಟ್ ಸತ್ವ’ ಇದೆ ಎಂದು ಬರೆದಿತ್ತು. ಈಸ್ಟ್ ಎಂದರೆ ಬ್ರೆಡ್ಡು, ಬ್ರೆಡ್ಡು ಎಂದರೆ ರೋಗಿಗಳ ಆಹಾರ. ಇದು ನನ್ನ ವಿಜ್ಞಾನ.

ಮೂರನೆಯ ದಿನ ದೇವದುರ್ಗದಿಂದ ತಂಗಿಯ ಮಗಳು ರೇಣುಕಾ ಬಂದಳು. ಅಲ್ಲಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಡಬ್ಬಿ ನೋಡಿ ನಕ್ಕಳು.

“ಮಾವಾ, ಟೇಸ್ಟಿಂಗ್ ಪೌಡರಿನಾಗ ರುಚಿ ಕೊಡೋ ಗ್ಲುಟಮೇಟೇ ಈಸ್ಟಿನಾಗೂ ತಾನಾಗೇ ಇರ್ತದ. ಟೊಮೆಟೊದಾಗೂ ಅದ. ಬೇರೆ ಅಂಗಿ ಹಾಕ್ಕೊಂಡು ಬಂದ್ರ ಪಾಸ್ ಮಾಡಿಬಿಡೋದೇನ್ರಿ?”

ನಾನು ಡಬ್ಬಿಯನ್ನು ಅಟ್ಟಕ್ಕೇರಿಸಿದೆ. ಆದರೆ ಕೂತಲ್ಲಿ ಕೂರಲಾಗಲಿಲ್ಲ. ಅಂಗಳದಲ್ಲಿ ಹದಿನಾಲ್ಕು ಸುತ್ತು ಹಾಕಿದೆ. ನೀರು ಹಾಕಿದ ಗಿಡಕ್ಕೇ ಮತ್ತೆ ನೀರು ಹಾಕಿದೆ. ಹಿಂದೆ ನಾನು ಕಲಿಸುತ್ತಿದ್ದ ಮಾನ್ವಿಯ ಶಾಲೆಯಲ್ಲಿ ಅವಳಿಗಳಿದ್ದರು. ಗಲಾಟೆ ಇಬ್ಬರದೂ, ನನ್ನ ಬೈಗುಳ ಮಾತ್ರ ಸದಾ ಒಬ್ಬನಿಗೆ. ಇನ್ನೊಬ್ಬನ ಕ್ರಾಪು ನೆಟ್ಟಗಿತ್ತು, ನೋಡಿ. ಆ ನೆನಪಿಗೆ ಇನ್ನೆರಡು ಸುತ್ತು ಹೆಚ್ಚಾದವು.

ಹನ್ನೆರಡೂವರೆ ನಮ್ಮ ಊಟದ ಹೊತ್ತು. ಶಾಂತಮ್ಮ ಎರಡೇ ತುತ್ತಿಗೆ ತಾಟು ಸರಿಸಿದಳು.

“ರುಚಿ ಹತ್ತವಲ್ದ್ರೀ. ಮೊನ್ನಿ ಪುಡಿ ಎಲ್ಲದ?”

“ಅದು ಫೇಲಾಗ್ಯದ.”

“ಅಯ್ಯ ಶಿವನೇ! ಉಣ್ಣಾಕಿ ನಾನು, ಮಾರ್ಕ್ಸ್ ಹಾಕಾವ್ರು ನೀವು?”

ಹೆಡ್‌ಮಾಸ್ತರಿಕೆಯ ಅಷ್ಟೂ ವರ್ಷ ಯಾರೂ ಕೇಳದ ಪ್ರಶ್ನೆ. ಅಟ್ಟದಿಂದ ಡಬ್ಬಿ ಇಳಿಸಲು ಸ್ಟೂಲು ತಂದೆ. ರೇಣುಕಾ ಅದನ್ನು ಅಲುಗದಂತೆ ಹಿಡಿದಳು, ನಗು ಮಾತ್ರ ಹಿಡಿಯಲಾಗಲಿಲ್ಲ. ಸಾರು ಮತ್ತೆ ಕುದಿಯಿತು, ಪುಡಿಯ ಜೊತೆಗೆ ಎರಡು ಟೊಮೆಟೊ ಬೇರೆ. ಶಾಂತಮ್ಮ ಇನ್ನೊಮ್ಮೆ ಅನ್ನ ಕೇಳಿದಳು.

ಊಟ ಮುಗಿದಾಗ ಎರಡು ಗಂಟೆ. ನಮ್ಮ ಮನೆಯಲ್ಲಿ ಅದು ಮಧ್ಯಾಹ್ನದ ನಿದ್ದೆ ಮುಗಿಯುವ ಹೊತ್ತು. ನಾನು ಗಡಿಯಾರ ನೋಡಿದೆ, ತಾಟುಗಳನ್ನು ಎತ್ತಿಟ್ಟೆ. ಪಾಸು ಫೇಲನ್ನು ಈಗ ಶಾಂತಮ್ಮನ ತಾಟು ನೋಡಿ ಬರೆಯುತ್ತಿದ್ದೇನೆ. ಅದನ್ನು ಓದಲು ಭೂತಗನ್ನಡಿ ಬೇಕಾಗಿಲ್ಲ.